ಕಳಚಲಾಗದ ಮುಖವಾಡ

ಹೋದ ಶನಿವಾರ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು 'ಒನಿಬಾಬಾ' ನೋಡಿದೆ. 1964ರ ಜಪಾನಿ ಸಿನಿಮಾ, ಕಪ್ಪು-ಬಿಳುಪು. ಇಷ್ಟು ಹಳೇದು ಎಷ್ಟು ಹೆದರಿಸೀತು ಅಂದ್ಕೊಂಡಿದ್ದೆ. ರಾತ್ರಿ ಎರಡಾದರೂ ನಿದ್ದೆ ಹತ್ತಲಿಲ್ಲ.

ನಿರ್ದೇಶಕ ಕನೆತೊ ಶಿಂದೊ. ಕಥೆ 14ನೇ ಶತಮಾನದ ಯುದ್ಧಕಾಲದ್ದು. ಆಳೆತ್ತರದ ಹುಲ್ಲಿನ ನಡುವೆ ಒಂದು ಗುಡಿಸಲು, ಅದರಲ್ಲಿ ಅತ್ತೆ-ಸೊಸೆ. ಮಗ ಯುದ್ಧಕ್ಕೆ ಹೋಗಿದ್ದಾನೆ. ದಾರಿ ತಪ್ಪಿ ಬಂದ ಸೈನಿಕರನ್ನು ಇಬ್ಬರೂ ಸೇರಿ ಕೊಂದು, ಹೆಣಗಳನ್ನು ಆಳದ ಗುಂಡಿಗೆ ತಳ್ಳಿ, ಕತ್ತಿ-ಕವಚ ಮಾರಿ ಕಾಳು ತರುತ್ತಾರೆ. ಕೊಂದು ಬಂದವರು ಗಬಗಬ ತಿಂದು ಮಲಗಿಬಿಡ್ತಾರೆ! ಇಲ್ಲೇ ನನಗೆ ಮೊದಲು ಮೈ ಜುಮ್ಮೆಂದಿದ್ದು.

ಮಗ ಸತ್ತ ಅನ್ನೋ ಸುದ್ದಿ ತಂದ ನೆರೆಯವನ ಹತ್ತಿರ ಸೊಸೆ ರಾತ್ರಿ ಕದ್ದು ಓಡಲು ಶುರುಮಾಡುತ್ತಾಳೆ. ಅವಳು ಬಿಟ್ಟುಹೋದರೆ ಅತ್ತೆ ಒಬ್ಬಳೇ ಕೊಲ್ಲಲಾರಳು, ಅಂದರೆ ಉಪವಾಸ. ಸತ್ತ ಸಮುರಾಯ್ ಒಬ್ಬನ ರಾಕ್ಷಸ ಮುಖವಾಡ ಹಾಕಿಕೊಂಡು, ಹುಲ್ಲಿನ ಮರೆಯಿಂದ ಎದ್ದು ಸೊಸೆಯನ್ನು ಹೆದರಿಸುತ್ತಾಳೆ. ಮಳೆಯಲ್ಲಿ ನೆಂದ ಮುಖವಾಡ ಮುಖಕ್ಕೇ ಅಂಟಿಕೊಳ್ಳುತ್ತೆ. ಕೊನೆಗೆ ಸೊಸೆಯ ಕಾಲು ಹಿಡಿಯಬೇಕು. ಸೊಸೆ ಸುತ್ತಿಗೆಯಿಂದ ಅದನ್ನು ಒಡೆದಾಗ ಒಳಗಿನ ಮುಖವೆಲ್ಲ ಹುಣ್ಣು. ಹಿರೋಶಿಮಾ ಸೀಮೆಯಲ್ಲೇ ಹುಟ್ಟಿದ ಶಿಂದೊ, ಅಣುಬಾಂಬಿಗೆ ಬೆಂದವರ ಮುಖಗಳನ್ನು ನೆನೆದು ಆ ಮೇಕಪ್ ಮಾಡಿಸಿದ್ದರಂತೆ. ಸೊಸೆ ಹೆದರಿ ಓಡುತ್ತಾಳೆ. ನಾನು ದೆವ್ವ ಅಲ್ಲ, ಮನುಷ್ಯಳು ಅಂತ ಕೂಗುತ್ತಾ ಮುದುಕಿ ಹಿಂದೆ ಓಡುತ್ತಾಳೆ.

ಸಿನಿಮಾದಲ್ಲಿ ದೆವ್ವವೇ ಇಲ್ಲ. ಒಂಟಿಯಾಗಿಬಿಡ್ತೀನಿ ಅಂತ ಬಾಯಿಬಿಟ್ಟು ಹೇಳಲಾಗದ ಒಬ್ಬ ಹೆಂಗಸಿದ್ದಾಳೆ, ಅಷ್ಟೇ. ನಿದ್ದೆ ಕೆಡಿಸಿದ್ದು ಅದು.

ನನ್ನಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ. 'ಈ ವಾರ ಬರೋಕಾಗಲ್ಲ, ರಿಲೀಸ್ ಇದೆ' ಅಂದಾಗಲೆಲ್ಲ ಅವಳ ಮೊಣಕಾಲು ನೋವು ಜಾಸ್ತಿಯಾಗುತ್ತೆ. 'ಶುರುವಾಯ್ತು ಡ್ರಾಮಾ' ಅಂತ ಹೆಂಡತಿ ಹತ್ತಿರ ನಕ್ಕಿದ್ದೂ ಉಂಟು.

ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಮೊಣಕಾಲಿನ ವಿಷಯ ಕೇಳಲಿಲ್ಲ.

"ಅಮ್ಮಾ, ಒಬ್ಳೇ ಇರೋಕೆ ಭಯ ಆಗುತ್ತಾ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಹಿಂದೆ ಕುಕ್ಕರ್ ಒಂದು ವಿಷಲ್ ಹೊಡೀತು.

"ರಾತ್ರಿ ಹೊತ್ತು ಒಂಚೂರು ಆಗುತ್ತೆ ಕಣೋ," ಅಂದಳು. ಆಮೇಲೆ, "ತಿಂಡಿ ಆಯ್ತಾ?"

ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ.