ಮರಕ್ಕೊಂದು ಮೆರುಗು

ಬಣ್ಣದ ಅಂಗಡಿಗೆ ಹೋಗಿ "ಮರಕ್ಕೆ ಹಚ್ಚುವುದು ಏನಾದರೂ ಕೊಡಿ" ಎಂದು ಕೇಳುವುದೂ ಒಂದೇ, ಔಷಧದ ಅಂಗಡಿಗೆ ಹೋಗಿ "ಮೈಗೆ ಒಳ್ಳೆಯದಾಗುವುದು ಏನಾದರೂ ಕೊಡಿ" ಎಂದು ಕೇಳುವುದೂ ಒಂದೇ. ಅಂಗಡಿಯವನು ನಗಲಿಲ್ಲ, ಅದು ಅವನ ದೊಡ್ಡತನ. ಆದರೆ ಪ್ರಶ್ನೆಗಳ ಮಳೆಗರೆದ. ಒಳಗಿನ ಮರವೋ, ಹೊರಗಿನದೋ? ಹೊಳಪು ಬೇಕೋ, ಮಂಕು ಬೇಕೋ? ಪಿ.ಯು.ವೋ, ಮೆಲಮೈನೋ? ಒಂದೇ ಡಬ್ಬಿಯದೋ, ಎರಡು ಡಬ್ಬಿ ಕಲಸುವುದೋ? ಮರದ ಮಣೆಯ ಮೇಲೆ ಉಂಡು, ಮರದ ಕುರ್ಚಿಯಲ್ಲಿ ಕುಳಿತು ದುಡಿದು, ನಿವೃತ್ತಿಯೂ ಆದ ಮನುಷ್ಯನಿಗೆ ಮರದ ವಿಷಯದಲ್ಲಿ ಇಷ್ಟೊಂದು ಪ್ರಶ್ನೆಗಳಿರಬಹುದೆಂಬ ಕಲ್ಪನೆಯೇ ಇರಲಿಲ್ಲ. "ಯೋಚನೆ ಮಾಡಿ ಬರುತ್ತೇನೆ" ಎಂದು ಹೇಳಿ, ಅವನು ಕೊಟ್ಟ ಬಣ್ಣದ ಮಾದರಿ ಹಾಳೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ.

ಯೋಚಿಸಲು ಕಾರಣವಿತ್ತು. ಮೈಸೂರಿನಲ್ಲಿದ್ದ ತಂದೆಯವರ ಮನೆ ಮಾರಾಟವಾಯಿತು. ದುಡ್ಡನ್ನು ಹಂಚಿಕೊಳ್ಳುವುದು ಸುಲಭ. ಸಾಮಾನು ಹಂಚಿಕೊಳ್ಳುವುದೇ ಕಷ್ಟ. ಕೊನೆಗೆ ಬೆಂಗಳೂರಿನ ನಮ್ಮ ಮೂರನೆಯ ಅಂತಸ್ತಿನ ಮನೆಗೆ ಲಾರಿಯಲ್ಲಿ ಬಂದಿಳಿದದ್ದು ಮೂರು ವಸ್ತು: ತೇಗದ ಒಂದು ಜೋಡಿ ಕದ, ಒಂದು ಮೇಜು, ಹಲಸಿನ ಮರದ ಒಂದು ತೊಟ್ಟಿಲು. ತೊಟ್ಟಿಲಿಗೆ ಯಾವ ಕಾಲದಲ್ಲೋ ಯಾರೋ ಹಸಿರು ಎನಾಮೆಲ್ ಬಳಿದಿದ್ದರು. ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಮಗಳು ಹೆರಿಗೆಗೆ ಬರುವುದಕ್ಕೆ ಎರಡೂವರೆ ತಿಂಗಳಿತ್ತು. ಆದ್ದರಿಂದ ನನ್ನ ಯೋಚನೆಗೆ ಗಡುವೂ ಇತ್ತೆಂದಾಯಿತು.

ಮರಕ್ಕೆ ಮೆರುಗು ಕೊಡುವುದು ಅಂದಕ್ಕೆಂದು ನಾವು ತಿಳಿದಿದ್ದೇವೆ. ಅಂದ ಆಮೇಲಿನ ಮಾತು. ಮರ ಕಡಿದು, ಕೊಯ್ದು, ಬಾಗಿಲಾಗಿ ನಿಂತು ನೂರು ವರ್ಷವಾದರೂ ನೀರಿನ ಚಟವನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಕುಡಿದು ಉಬ್ಬುತ್ತದೆ, ಬೇಸಿಗೆ ಬಂದರೆ ಬಿಟ್ಟು ಕುಗ್ಗುತ್ತದೆ. ಆಷಾಢದಲ್ಲಿ ಭುಜ ಕೊಟ್ಟು ತಳ್ಳಬೇಕಾದ ಕದ ಶಿವರಾತ್ರಿಯ ಹೊತ್ತಿಗೆ ತಾನಾಗಿ ತೆರೆದುಕೊಳ್ಳುವುದನ್ನು ನೋಡದವರು ಯಾರು? ಯಾವ ಲೇಪನವೂ ಇದನ್ನು ಪೂರ್ತಿ ನಿಲ್ಲಿಸಲಾರದು. ನಿಧಾನ ಮಾಡೀತು, ಅಷ್ಟೆ. ನಿಧಾನವಾದರೆ ಮರ ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ. ತಮಾಷೆಯೆಂದರೆ, ಮರ ಹೆಚ್ಚು ನೀರು ಕುಡಿಯುವುದು ಕಣ್ಣಿಗೆ ಕಾಣುವ ಅಗಲವಾದ ಮೈಯಿಂದಲ್ಲ, ನಾರು ಕಡಿದ ತುದಿಗಳಿಂದ. ಕದದ ನೆತ್ತಿ, ಕದದ ಅಂಗಾಲು. ಬಣ್ಣದವನು ಬ್ರಷ್ಷು ಆಡಿಸದೆ ಬಿಡುವುದು ಆ ಎರಡೇ ಜಾಗಗಳನ್ನು. ನಮ್ಮ ಮನೆಯ ಕದವನ್ನು ಮಲಗಿಸಿ ನೋಡಿದೆ. ಮುಖದ ಮೇಲೆ ನಾಲ್ಕು ಪದರ ವಾರ್ನಿಷ್, ಅಂಗಾಲು ಬತ್ತಲೆ.

ಈ ಕದವನ್ನು ಪಶ್ಚಿಮದ ಬಾಲ್ಕನಿಗೆ ಹಾಕಿಸುವುದೆಂದು ಮೊದಲು ಅಂದುಕೊಂಡಿದ್ದೆವು. ಅಲ್ಲಿ ಸಂಜೆಯ ಬಿಸಿಲು, ಮುಂಗಾರಿನ ಎರಚಲು, ಎರಡೂ ಬಡಿಯುತ್ತವೆ. ತೇಗವಲ್ಲವೆ, ಏನೂ ಆಗದು ಎಂದರು ಹಲವರು. ತೇಗದ ಚೇಗಿಗೆ ಗೆದ್ದಲು ಬೇಗ ಬಾಯಿ ಹಾಕದು ಎಂಬುದು ನಿಜ. ಮರದಲ್ಲಿಯೇ ಇರುವ ಎಣ್ಣೆ ಮತ್ತಿತರ ದ್ರವ್ಯಗಳ ಕಾವಲದು. ಆದರೆ ಚೇಗಿನ ಸುತ್ತಲಿನ ಬೆಳುಪಾದ ಹೊರಮರಕ್ಕೆ ಆ ಭಾಗ್ಯವಿಲ್ಲ. ಬಿಸಿಲಂತೂ ಚೇಗು ಹೊರಮರ ಎಂದು ಭೇದವೆಣಿಸುವುದಿಲ್ಲ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ; ಉಳಿಯುವುದು ಬೂದಿಬಣ್ಣದ ನಾರು. ಪಾರದರ್ಶಕ ವಾರ್ನಿಷ್ ಹಚ್ಚಿದರೆ ಬಿಸಿಲು ಅದರೊಳಗಿಂದಲೇ ಹಾಯ್ದು ಕೆಳಗಿನ ಮರವನ್ನು ಸಡಿಲಿಸುತ್ತದೆ. ಆಗ ವಾರ್ನಿಷ್ ಹಿಡಿದುಕೊಳ್ಳಲು ನೆಲೆಯಿಲ್ಲದೆ ಹಾವಿನ ಪೊರೆಯಂತೆ ಸುಲಿಯುತ್ತದೆ. ಬಿಸಿಲನ್ನು ಚೆನ್ನಾಗಿ ತಡೆಯುವುದು ಬಣ್ಣದ ಪುಡಿ ಬೆರೆತ ದಟ್ಟ ಪೇಂಟು. ಎಂದರೆ, ಮರವನ್ನು ಎಲ್ಲಕ್ಕಿಂತ ಚೆನ್ನಾಗಿ ಕಾಯುವುದು ಮರವೇ ಕಾಣದಂತೆ ಮಾಡುವ ವಸ್ತು! ಹಳಬರು ತೇಗದ ಕಿಟಕಿಗಳಿಗೆ ಹಸಿರು, ನೀಲಿ ಬಳಿದಿದ್ದನ್ನು ಕಂಡು ರಸಿಕತೆಯಿಲ್ಲದವರೆಂದು ನಾವು ನಗುತ್ತೇವೆ. ಅವರಿಗೆ ಬೇಕಾಗಿದ್ದದ್ದು ಕಿಟಕಿ. ನಮಗೆ ಬೇಕಾಗಿರುವುದು ತೇಗ.

ಬಣ್ಣ ಬಳಿಯಲು ಮನಸ್ಸು ಬಾರಲಿಲ್ಲ. ಹಾಗೆಂದು ಎರಡು ವರ್ಷಕ್ಕೊಮ್ಮೆ ಕೆರೆದು ವಾರ್ನಿಷ್ ಹಚ್ಚುವ ಚೈತನ್ಯವೂ ಇಲ್ಲ. ಮೈಸೂರಿನ ಮನೆಯಲ್ಲಿ ಈ ಕದ ಅಷ್ಟು ಕಾಲ ಕೆಡದೆ ನಿಂತದ್ದು ಯಾವ ಡಬ್ಬಿಯ ಮಹಿಮೆಯಿಂದಲೂ ಅಲ್ಲ, ಜಗಲಿಯ ಮೇಲೆ ಆರಡಿ ಮುಂದಕ್ಕೆ ಚಾಚಿದ್ದ ಸೂರಿನಿಂದ. ಬಿಸಿಲು ಹೊಸಿಲಿನವರೆಗೆ ಬರುತ್ತಿತ್ತು, ಕದವನ್ನು ಮುಟ್ಟುತ್ತಿರಲಿಲ್ಲ. ಈಗಿನ ಮನೆಗಳಿಗೆ ಸೂರೇ ಇಲ್ಲ. ಅಂಗಡಿಯಲ್ಲಿ ಡಬ್ಬಿ ಮಾತ್ರ ನೂರು ಬಗೆ. ಕದವನ್ನು ಒಳಗೆ, ದೇವರ ಕೋಣೆಗೆ ಹಾಕಿಸಿದೆವು. ಬಾಲ್ಕನಿಗೆ ಅಲ್ಯೂಮಿನಿಯಂ ಇದೆ, ಅದರ ಪಾಡಿಗೆ ಅದು ಇರಲಿ.

ಒಳಗಿನ ಕದಕ್ಕೆ ಎಣ್ಣೆ ಸಾಕು. ಆದರೆ ಯಾವ ಎಣ್ಣೆ? ನಮ್ಮ ಹೆಂಗಸರು ಹಬ್ಬದ ಮುಂಚೆ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಟ್ಟೆಗೆ ತಾಗಿಸಿ ಕದ ಒರೆಸುವುದುಂಟು. ಆ ದಿನ ಫಳಫಳ ಹೊಳೆಯುತ್ತದೆ. ಮಾರನೆಯ ದಿನದಿಂದ ಬೀದಿಯ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಆ ಎಣ್ಣೆಗಳು ಒಣಗುವ ಜಾತಿಯವಲ್ಲ. ಅಗಸೆ ಎಣ್ಣೆ ಹಾಗಲ್ಲ. ಉತ್ತರ ಕರ್ನಾಟಕದವರು ರೊಟ್ಟಿಗೆ ಚಟ್ನಿಪುಡಿ ಮಾಡಿಕೊಳ್ಳುವ ಅದೇ ಅಗಸೆ. ಅದರ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ, ಮರದ ಒಳಗೇ ಗಟ್ಟಿಯಾಗಿ ನಿಲ್ಲುತ್ತದೆ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಅಂಗಡಿಯಲ್ಲಿ "ಬಾಯ್ಲ್ಡ್" ಎಂಬ ಹೆಸರಿನಲ್ಲಿ ಸಿಗುವುದು ಈಗ ಹೆಚ್ಚಾಗಿ ಕುದಿಸಿದ್ದೇನಲ್ಲ, ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ್ದು. ಕದಕ್ಕೆ ಅದು ನಡೆದೀತು. ಕರಾವಳಿಯ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ದೋಣಿಗೆ, ಮಾಡಿನ ಮರಕ್ಕೆ ಹಚ್ಚುತ್ತಿದ್ದರು. ಹುಳದ ಕಾಟಕ್ಕೆ ಒಳ್ಳೆಯ ಮದ್ದು, ಆದರೆ ಕೈಗೆ ತಾಗಿದರೆ ಬೊಬ್ಬೆ. ದೇವರ ಕೋಣೆಗೆ ಬೇಡವೆಂದುಕೊಂಡೆ.

ಅಗಸೆ ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು, ಕಡ್ಡಿ ಗೀರುವವರಿಲ್ಲದೆಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ ಪುರೋಚನನಿಗೆ ಈ ವಿದ್ಯೆ ಗೊತ್ತಿದ್ದರೆ ಕಾದು ಕೂರುವ ಶ್ರಮ ತಪ್ಪುತ್ತಿತ್ತು.

ಅರಗಿನ ಮಾತು ಬಂತಲ್ಲ. ಮೇಜಿನ ಮೇಲಿದ್ದದ್ದು ಅರಗೇ ಎಂದು ಹೇಳಿದವರು ಶಿವಾಜಿನಗರದ ಕಡೆಯಿಂದ ಬಂದ ಪಾಲಿಷ್ ಕೆಲಸದ ಹಿರಿಯರು. ಮೇಜಿನ ಮೇಲೆ ಕಾಫಿ ಲೋಟ ಕೂತು ಎದ್ದ ಕಡೆಯೆಲ್ಲ ಬಿಳಿ ಉಂಗುರಗಳಿದ್ದವು. "ನೋಡಿ ಸ್ವಾಮಿ" ಎಂದು ಅವರು ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಗಂಟಿಗೆ ಸ್ಪಿರಿಟ್ ಹನಿಸಿ, ಉಂಗುರದ ಮೇಲೆ ಗಾಳಿಯಂತೆ ಎರಡು ಸಲ ಆಡಿಸಿದರು. ಉಂಗುರ ಮಾಯವಾಯಿತು. ಸ್ಪಿರಿಟ್ಟಿಗೆ ಅರಗು ಕರಗಿ, ಒಳಗೆ ಸಿಕ್ಕಿದ್ದ ತೇವ ಹೊರಟು, ಮತ್ತೆ ಕೂತುಕೊಂಡಿತು, ಅಷ್ಟೆ.

ನನಗೆ ಅರಗಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗಳ ಮೇಲೆ ಸಾಸಿವೆಗಿಂತ ಸಣ್ಣ ಕೀಟಗಳು ರಸ ಹೀರಿ, ತಮ್ಮ ಮೈಕಾವಲಿಗೆಂದು ಸುರಿಸುವ ಅಂಟು ಇದು. ತನ್ನ ಮರಿಗಳಿಗೆಂದು ಕೀಟ ಕಟ್ಟಿಕೊಂಡ ಹೊದಿಕೆಯನ್ನು ಕಿತ್ತು ತಂದು ನಾವು ಮೇಜಿಗೆ ಹೊದಿಸುತ್ತೇವೆ. ಜಾರ್ಖಂಡ್, ಛತ್ತೀಸಗಢದ ಕಾಡುಗಳಲ್ಲಿ ಈಗಲೂ ಇದು ಬೆಳೆ. ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ 1924ರಲ್ಲಿಯೇ ಅರಗಿಗಾಗಿ ಒಂದು ಸಂಶೋಧನಾಲಯ ಹುಟ್ಟಿತು. ನಮ್ಮಲ್ಲಿಯೂ ಅರಗಿನ ಕಥೆ ಚಿಕ್ಕದಲ್ಲ. ಚನ್ನಪಟ್ಟಣದ ಬೊಂಬೆಯ ಬಣ್ಣವೆಂದರೆ ಅರಗೇ. ಚರಕಿಗೆ ಸಿಕ್ಕಿಸಿದ ಹಾಲೆ ಮರದ ತುಂಡು ಗಿರ್ರೆಂದು ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ; ಮೇಲೆ ಒಣಗಿದ ತಾಳೆಗರಿಯಿಂದ ತೀಡಿದರೆ ಹೊಳಪು. ಬ್ರಷ್ಷಿಲ್ಲ, ಸ್ಪಿರಿಟ್ಟಿಲ್ಲ. ಇನ್ನು ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗಿಗೂ ಬಣ್ಣಕ್ಕೂ ಎಂದೇ ಕಾರ್ಖಾನೆ ಎದ್ದಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತ ಬಂದಿರುವುದು ಆ ಕಾರ್ಖಾನೆಯೇ. ಅಳಿಸಿ ಹೊಸದಾಗಿ ಹಚ್ಚಬಲ್ಲ ಪದಾರ್ಥದಿಂದ ಆರಂಭವಾದದ್ದು ಅಳಿಸಲಾಗದ ಪದಾರ್ಥದಿಂದ ಹೆಸರಾಯಿತು!

ಅರಗಿನ ದೋಷಗಳೂ ದೊಡ್ಡವೇ. ಸುಮಾರು 75 ಡಿಗ್ರಿ ಬಿಸಿಗೆ ಅದು ಮೆತ್ತಗಾಗುತ್ತದೆ. ನಮ್ಮ ಸಾರಿನ ಪಾತ್ರೆಯ ಬಿಸಿ ಅದಕ್ಕಿಂತ ಕಡಿಮೆಯಲ್ಲ. ಸೋಪಿನ ನೀರು ಆಗದು. ಆದ್ದರಿಂದ ಮೇಜಿನ ವಿಷಯದಲ್ಲಿ ನನ್ನಾಕೆ ತೀರ್ಪು ಕೊಟ್ಟುಬಿಟ್ಟಳು: "ಉಂಗುರ ಅಳಿಸುತ್ತ ಕೂರುವುದಕ್ಕೆ ನನಗೆ ಪುರುಸೊತ್ತಿಲ್ಲ, ಪಿ.ಯು. ಹಾಕಿಸಿ." ದಿನಾ ಉಣ್ಣುವ ಮೇಜಿಗೆ ಅದೇ ಸರಿ ಎಂದು ನಾನೂ ಒಪ್ಪಿದೆ. ಗಟ್ಟಿ ಪದರ, ಅರಿಸಿನಕ್ಕೂ ಬಿಸಿಗೂ ಜಗ್ಗದು. ಆದರೆ ಅದು ಒಮ್ಮೆ ಕೆತ್ತಿಹೋದರೆ ಆ ಜಾಗವನ್ನಷ್ಟೇ ತಿದ್ದುವುದು ಕಷ್ಟ. ಹೊಸ ಪದರ ಹಳೆಯದರೊಳಗೆ ಕರಗಿ ಬೆರೆಯುವುದಿಲ್ಲ. ಮೇಲೆಲ್ಲ ಉಜ್ಜಿ ಮತ್ತೆ ಹೊಡೆಯಬೇಕು. ಅರಗಿನ ಸ್ವಭಾವ ಬೇರೆ. ಅದು ಬೇಗ ಕೆಡುತ್ತದೆ, ಬೇಗ ಕ್ಷಮಿಸುತ್ತದೆ.

ತೊಟ್ಟಿಲಿಗೂ ಪಿ.ಯು. ಆಗಲಿ ಎಂದು ಅಳಿಯಂದಿರು ಪುಣೆಯಿಂದ ಫೋನಿನಲ್ಲಿ ಹೇಳಿದರು. "ಪೂರ್ತಿ ಒಣಗಿದ ಮೇಲೆ ಅದರಿಂದ ಏನೂ ತೊಂದರೆ ಇಲ್ಲ, ಮಾವ." ಇರಬಹುದು. ಆದರೆ ನನ್ನ ಚಿಂತೆ ಹೊಸದಾಗಿ ಹಚ್ಚುವುದರ ಮೇಲೆ ಇರಲಿಲ್ಲ, ಇದ್ದ ಹಸಿರಿನ ಮೇಲಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವೆಂದರೆ, ಅದರಲ್ಲೂ ಹಳೆಯ ಎನಾಮೆಲ್ ಎಂದರೆ, ಸೀಸವಿದೆ ಎಂದೇ ತಿಳಿದು ನಡೆಯುವುದು ಲೇಸು. ಸೀಸ ಮಕ್ಕಳ ಮಿದುಳಿಗೆ ವಿಷ. ಗರ್ಭಿಣಿಯ ಮೂಲಕ ಹೊಟ್ಟೆಯೊಳಗಿನ ಕೂಸಿಗೂ ತಲುಪುತ್ತದೆ. ಒಣ ಉಪ್ಪುಕಾಗದದಲ್ಲಿ ಉಜ್ಜಿದರೆ ಮನೆಯೆಲ್ಲ ಅದರ ಧೂಳು. ಬೆಂಕಿ ತೋರಿಸಿ ಸುಟ್ಟರೆ ಅದರ ಹೊಗೆ. ಮಗಳು ಬರುವುದಕ್ಕೆ ತಿಂಗಳು ಮುಂಚೆಯೇ ಕೆಲಸ ಮುಗಿಯಬೇಕೆಂದು ಹಿರಿಯರಿಗೆ ಹೇಳಿದೆ. ತಾರಸಿಯ ಮೇಲೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಮರವನ್ನು ನೆನೆಸಿ, ವಾಟರ್ ಪೇಪರಿನಲ್ಲಿ ತೇವವಾಗಿಯೇ ಉಜ್ಜಿದರು. ಅವರಿಗೆ ಮೂಗಿಗೆ ಕಟ್ಟಿಕೊಳ್ಳುವ ಒಳ್ಳೆಯ ಮುಖವಾಡ ತಂದುಕೊಟ್ಟೆ. "ನಲವತ್ತು ವರ್ಷ ಇಲ್ಲದ್ದು ಈಗ್ಯಾಕೆ ಸ್ವಾಮಿ" ಎಂದರು. ಕಟ್ಟಿಕೊಳ್ಳಲೇಬೇಕೆಂದು ಹಟ ಹಿಡಿದೆ. ನನ್ನ ಮೊಮ್ಮಗುವಿಗೆ ವಿಷವಾದದ್ದು ಅವರಿಗೆ ಮಾತ್ರ ಅಮೃತವಾಗುವುದೆ? ಕೆಸರನ್ನೆಲ್ಲ ಒರೆಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು.

ಮೂರನೆಯ ದಿನ ಹಸಿರಿನಡಿಯಿಂದ ಹಲಸು ಹೊರಬಂತು. ಉಜ್ಜಿದ ಕಡೆ ಅರಿಸಿನದ ಹಳದಿ; ಬೆಳಕು ಬಿದ್ದು ಬಿದ್ದು ಅದು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ವೀಣೆಯ ಕೊಡಕ್ಕೆ ಇದೇ ಮರ. ಮೇಲಿನ ಅಡ್ಡಪಟ್ಟಿಯ ಒಂದು ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕುಳಿಗಳಿದ್ದವು. ಕುಟ್ಟೆ ಹುಳು ಕೊರೆದದ್ದೆಂದು ಮೊದಲು ಭಾವಿಸಿದೆ. "ಹುಳ ಅಲ್ಲ ಸ್ವಾಮಿ, ಹಲ್ಲು" ಎಂದರು ಹಿರಿಯರು. "ಪುಟ್ಟಿ ತುಂಬಿ ಮಟ್ಟಸ ಮಾಡಿಬಿಡ್ತೀನಿ."

ಅಕ್ಕ ಆ ವಾರ ನಮ್ಮಲ್ಲಿಗೆ ಬಂದಿದ್ದಳು. ನೋಡುತ್ತೇನೆಂದು ತಾರಸಿಗೆ ಹತ್ತಿ ಬಂದು, ಆ ಕುಳಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅವು ನನ್ನವಿರಬೇಕೆಂದು ನಾನು ನಗುತ್ತ ಹೇಳಿದೆ.

"ನಿನ್ನದಲ್ಲ ಕಣೋ. ನೀನು ಹುಟ್ಟೋಕೆ ಮುಂಚೆ ಇದ್ದನಲ್ಲ, ಅವನದು. ನಿಂತುಕೊಂಡು ಇದನ್ನೇ ಕಡೀತಿದ್ದ. ಅವನು ಹೋದಮೇಲೆ ಅಮ್ಮನೇ ಹೇಳಿ ಬಣ್ಣ ಬಳಿಸಿದ್ದು."

ನನಗೊಬ್ಬ ಅಣ್ಣನಿದ್ದನೆಂದೂ ಎರಡು ವರ್ಷ ತುಂಬುವ ಮೊದಲೇ ಹೋದನೆಂದೂ ಗೊತ್ತಿತ್ತು. ಅವನದೊಂದು ಫೋಟೋ ಸಹ ಮನೆಯಲ್ಲಿರಲಿಲ್ಲ. ಹಸಿರು ಬಣ್ಣ ಯಾಕೆಂದು ಅಮ್ಮನನ್ನು ನಾನು ಎಂದೂ ಕೇಳಿದವನಲ್ಲ.

ಪುಟ್ಟಿ ಬೇಡವೆಂದೆ. ಹಿರಿಯರು ಮರುಮಾತಾಡದೆ, ಸಿಬಿರು ಏಳದಂತೆ ಕುಳಿಗಳ ಅಂಚನ್ನು ಮಾತ್ರ ನವುರಾಗಿ ತೀಡಿದರು. ಅಡ್ಡಪಟ್ಟಿಗೆ, ಕಂಬಗಳಿಗೆ ಅರಗು. ಮಿಠಾಯಿಗೆ, ಮಾತ್ರೆಗೆ ಹೊಳಪು ಕೊಡಲು ಶುದ್ಧ ಮಾಡಿ ಬಳಸುವ ಪದಾರ್ಥವೇ ಅದು. ಮಗು ಕಡಿದರೆ ಕಡಿಯಲಿ. ಬಣ್ಣದ ಪುಡಿ ಏನನ್ನೂ ಬೆರೆಸಕೂಡದೆಂದು ಮಾತ್ರ ತಾಕೀತು ಮಾಡಿದೆ. ಚಕ್ಕೆ ಅರಗನ್ನು ನನ್ನ ಕಣ್ಣೆದುರಿಗೇ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಮಾರನೆಯ ದಿನ ಸೋಸಿ, ತೆಳುವಾಗಿ ಎಂಟು ಸಲ ಎಳೆದರು. ತಳದ ಹಲಗೆಗೆ ಅರಗು ನಿಲ್ಲದು. ಕೂಸು ಮಾಡುವ ಕೆಲಸ ನಿಮಗೆ ಗೊತ್ತೇ ಇದೆ; ಕ್ಷಾರ ತಾಗಿದರೆ ಅರಗು ಕರಗುತ್ತದೆ. ಅಲ್ಲಿಗೆ ಅಡುಗೆಗೆ ಬಳಸುವ ಹಸಿ ಅಗಸೆ ಎಣ್ಣೆಯನ್ನೇ ಎರಡು ಸಲ ತೆಳುವಾಗಿ ತಿಕ್ಕಿ, ಮಿಕ್ಕದ್ದನ್ನು ಒರೆಸಿ, ಮೂರು ವಾರ ಗಾಳಿಗೆ ಬಿಟ್ಟೆವು. ವಾಸನೆ ಹೋಯಿತೇ ಎಂದು ನನ್ನಾಕೆ ದಿನಾ ಬೆಳಿಗ್ಗೆ ಮೂಸಿ ನೋಡುತ್ತಿದ್ದಳು.

ಎಂಟು ಪದರ ಎಳೆದಮೇಲೂ ಅರ್ಧ ಬಾಟಲಿ ಅರಗು ಉಳಿದಿದೆ. ಕರಗಿಸಿದ್ದು ವರ್ಷ ಕಳೆದರೆ ಸರಿಯಾಗಿ ಒಣಗುವುದಿಲ್ಲವಂತೆ. ಬಾಟಲಿಗೆ ಚೀಟಿ ಅಂಟಿಸಿ ತಾರೀಖು ಬರೆದು ಇಟ್ಟಿದ್ದೇನೆ. ಅಷ್ಟರೊಳಗೆ ಅಟ್ಟದ ಮೇಲಿನ ನಾಲ್ಕು ಮಣೆಗಳನ್ನು ಇಳಿಸಿ ಉಜ್ಜಬೇಕು.