ನಲವತ್ತು ಪರ್ಸೆಂಟಿನ ಸಭೆ

“ಯುಜಿಸಿಯವರು 40 ಪರ್ಸೆಂಟ್ ತನಕಾ ಕೊಡಬಹುದು ಅಂದಾರ” ಎಂದು ಪ್ರಿನ್ಸಿಪಾಲರು ಓದಿದ್ದೇ ತಡ, ಸಭೆಯಲ್ಲಿ ನಗೆ ಎದ್ದಿತು. ನಮ್ಮ ರಾಜ್ಯದಲ್ಲಿ ಈಚೆಗೆ ಆ ಅಂಕಿಗೆ ಬೇರೆಯದೇ ಖ್ಯಾತಿ ಇದೆಯಲ್ಲ! ನಗೆ ಇಳಿದ ಮೇಲೆ ವಿಷಯ ತಿಳಿಯಿತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರಷ್ಟನ್ನು ವಿದ್ಯಾರ್ಥಿ ಕಾಲೇಜಿನ ಮೆಟ್ಟಿಲು ಹತ್ತದೆ, ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲೇ ಮುಗಿಸಿ ಕ್ರೆಡಿಟ್ ಪಡೆಯಬಹುದು. 2016ರ ನಿಯಮದಲ್ಲಿ ಇದು ಶೇ 20 ಇತ್ತು, 2021ರಲ್ಲಿ ಇಮ್ಮಡಿಯಾಯಿತು. ಐದು ವರ್ಷಕ್ಕೆ ಇಮ್ಮಡಿಯಾಗುವ ಭಾಗ್ಯ ನಮ್ಮ ಸಂಬಳಕ್ಕೆ ಎಂದೂ ಬಂದದ್ದಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರುಗಳಿಂದ ಮಾಸ್ತರರು ಬಂದಿದ್ದರು. ವರ್ಗಾವಣೆಯ ಕೃಪೆಯಿಂದ ನಾಲ್ಕೂ ಕಡೆ ಕನ್ನಡ ಪಾಠ ಹೇಳಿದ ನನಗೆ ಎಲ್ಲರೂ ಹಳೆಯ ಪರಿಚಯ. ಆನ್‌ಲೈನ್ ಕೋರ್ಸುಗಳನ್ನು ಎಷ್ಟು ಹೆಚ್ಚಿಸಬೇಕು ಎಂಬುದಷ್ಟೇ ಅಜೆಂಡಾ. ಸವಣೂರಿನವರು ತಂದಿದ್ದ ಖಾರದ ಪೊಟ್ಟಣ ಮಾತ್ರ ಅಜೆಂಡಾ ಮುಟ್ಟುವ ಮೊದಲೇ ಅರ್ಧ ಖಾಲಿಯಾಗಿತ್ತು.

ಫಿಜಿಕ್ಸ್ ಮೇಡಂ ನೇರವಾಗಿ ಕೇಳಿದರು: “ಐಐಟಿ ಪ್ರೊಫೆಸರ ಪಾಠ ನಮ್ಮ ಹುಡುಗರಿಗೆ ಪುಕ್ಕಟ ಸಿಗತೈತಿ. ಬ್ಯಾಡ ಅನ್ನಾಕ ನಾವ್ಯಾರ್ರೀ?” ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಕಾಮರ್ಸಿನವರು ಕೆಮ್ಮಿದರು. “ಅವರು ಇಂಗ್ಲೀಷಿನ್ಯಾಗ ಹೇಳ್ತಾರ. ಅದನ್ನ ಮತ್ತ ನಾವ ಬಿಡಿಸಿ ಹೇಳಬೇಕು. ಆ ತಾಸು ಯಾರ ವರ್ಕ್‌ಲೋಡಿಗೆ ಬರತೈತಿ?”

ವರ್ಕ್‌ಲೋಡ್! ಮಾತು ಅಲ್ಲಿಗೆ ಬರಲೆಂದೇ ಎಲ್ಲರೂ ಕಾದಿದ್ದರೇನೋ. ಡಿಗ್ರಿ ಕಾಲೇಜು ನಡೆಯುವುದು ಜ್ಞಾನದಿಂದಲ್ಲ, ವಾರಕ್ಕಿಷ್ಟು ತಾಸು ಎಂಬ ಲೆಕ್ಕದಿಂದ. ತಾಸು ಕಮ್ಮಿಯಾದರೆ ಕಾಯಂ ಆದವರಿಗೆ ಬೇರೆ ಊರಿನ ಡೆಪ್ಯುಟೇಶನ್, ಅತಿಥಿ ಉಪನ್ಯಾಸಕರಿಗೆ ಮನೆ. ಮೂಲೆಯ ಕುರ್ಚಿಯಲ್ಲಿ ನಡಾವಳಿ ಬರೆಯುತ್ತ ಕುಳಿತಿದ್ದ ಹುಡುಗ ಅತಿಥಿ ಉಪನ್ಯಾಸಕನೇ. ನಡಾವಳಿ ಬರೆಯುವ ಕೆಲಸ ಯಾವಾಗಲೂ ಅತಿಥಿಗಳದ್ದು. ಅತಿಥಿ ದೇವೋ ಭವ. ಶೇ 40 ಎಂಬುದನ್ನು ಅವನು ಬಹಳ ನಿಧಾನವಾಗಿ, ದುಂಡಗೆ ಬರೆದ.

ಮಾತಿಗೆ ತೂಕ ಬರಲೆಂದು ನಾನು ಶಿಶುನಾಳ ಶರೀಫರನ್ನು ಎಳೆದುತಂದೆ. ಇದೇ ಶಿಗ್ಗಾವಿ ತಾಲೂಕಿನವರು. ಕಳಸದ ಗೋವಿಂದಭಟ್ಟರ ಎದುರು ಕೂತಲ್ಲವೇ ಶರೀಫರಾದದ್ದು? “ಖರೇ ಐತ್ರಿ. ಆದರ ಅವರಿಗೆ 75 ಪರ್ಸೆಂಟ್ ಹಾಜರಾತಿ ಇರಲಿಲ್ಲ” ಎಂದು ಕಾಮರ್ಸಿನವರು ನನ್ನನ್ನು ಕೂರಿಸಿದರು.

ಇನ್ನೊಬ್ಬರು 2020ನ್ನು ನೆನಪಿಸಿದರು. ಅದನ್ನು ಮರೆಯುವುದಾದರೂ ಹೇಗೆ? ಲಾಕ್‌ಡೌನಿನಲ್ಲಿ ಹಾನಗಲ್ಲಿನ ಹುಡುಗನೊಬ್ಬ ರೇಂಜಿಗಾಗಿ ಮಾವಿನ ತೋಟದಲ್ಲಿ ಕೂತು ಹಳಗನ್ನಡ ಕೇಳುತ್ತಿದ್ದ. ಅವನ ಧ್ವನಿಗಿಂತ ಗಿಳಿಗಳ ಧ್ವನಿ ಸ್ಪಷ್ಟವಾಗಿರುತ್ತಿತ್ತು. ಸವಣೂರಿನ ಸಹೋದ್ಯೋಗಿಯೊಬ್ಬರು ತಮ್ಮೂರ ದೊಡ್ಡಹುಣಸೆ ಮರದ ಚಿತ್ರವನ್ನು ಬೆನ್ನ ಹಿಂದೆ ಹಾಕಿಕೊಂಡು ಪಾಠ ಮಾಡುತ್ತಿದ್ದರು. ಅವರು ಅಲುಗಿದಾಗಲೆಲ್ಲ ಕಿವಿಯೊಂದು ಮರದೊಳಗೆ ಮಾಯವಾಗುತ್ತಿತ್ತು. “ಅರ್ಥ ಆತೇನ್ರಪಾ?” ಎಂದರೆ ಪರದೆಯ ತುಂಬ ಬಣ್ಣದ ದುಂಡು, ದುಂಡಿನೊಳಗೊಂದು ಇಂಗ್ಲಿಷ್ ಅಕ್ಷರ. ಕ್ಲಾಸಿನಲ್ಲಾದರೆ ಅರ್ಥವಾಗದ ಮುಖವಾದರೂ ಕಾಣುತ್ತದೆ. ಹಿಂದಿನ ಬೆಂಚಿನವನು ಆಕಳಿಸಿದಾಗ ಪಾಠವನ್ನು ಎಲ್ಲಿ ತಿರುಗಿಸಬೇಕೆಂದು ನನಗೆ ಗೊತ್ತಾಗುತ್ತಿತ್ತು. ಅವನ ಆಕಳಿಕೆಗೆ ನಾನು ಇಷ್ಟು ಋಣಿ ಎಂದು ಆವರೆಗೆ ತಿಳಿದಿರಲಿಲ್ಲ.

ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವಿದೆ. ಬಸ್ಸು ಅದರ ಮುಂದೆ ಹಾಯ್ದಾಗಲೆಲ್ಲ ನನಗೆ ಡೊಳ್ಳಿನ ಚಿಂತೆ. ವಿಡಿಯೊ ಸಭೆಯ ತಂತ್ರಾಂಶಗಳು ಮಾತನ್ನು ಉಳಿಸಿಕೊಂಡು ಮಿಕ್ಕ ಸದ್ದನ್ನೆಲ್ಲ ಗದ್ದಲವೆಂದು ಸೋಸುತ್ತವೆ. ಡೊಳ್ಳು ಬಾರಿಸಲು ಕಲಿಸುವವನು ಏನು ಮಾಡಬೇಕು? ಅವನು ಕೈ ಬೀಸುವುದಷ್ಟೇ ಕಾಣುತ್ತದೆ. ಸದ್ದು ಗದ್ದಲದ ಲೆಕ್ಕಕ್ಕೆ ಹೋಗುತ್ತದೆ.

ಹಾಗೆಂದು ದೂರದಿಂದ ಕಲಿಯುವುದನ್ನು ಹಗುರ ಮಾಡುವ ಧೈರ್ಯ ನನಗಿಲ್ಲ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರು ಮಾಡಿತು. ಹಗಲು ಮಕ್ಕಳಿಗೆ ಮಗ್ಗಿ ಕಲಿಸಿ, ರಾತ್ರಿ ಅಂಚೆಯ ಲಕೋಟೆ ಬಿಚ್ಚಿ ಎಂ.ಎ. ಆದ ಶಾಲಾ ಮಾಸ್ತರರು ಎಷ್ಟು ಮಂದಿ! ಸೆಕೆಂಡ್ ಇಯರಿಗೇ ಮದುವೆ ಮಾಡಿ ಕಳಿಸಿದ ಹಿರೇಕೆರೂರಿನ ನನ್ನ ವಿದ್ಯಾರ್ಥಿನಿಯೊಬ್ಬಳು, ಕೂಸನ್ನು ಮಲಗಿಸಿ ಮೊಬೈಲಿನಲ್ಲಿ ‘ಸ್ವಯಂ’ ಪಾಠ ಕೇಳುತ್ತಾಳೆ. ಅವಳಿಗೆ ಇದು ಬೇಕು. ಪರೀಕ್ಷೆ ಮಾತ್ರ ಆನ್‌ಲೈನ್ ಅಲ್ಲ, ದೂರದ ಕೇಂದ್ರಕ್ಕೇ ಹೋಗಬೇಕು. ಕೂಸನ್ನು ಯಾರ ಕೈಗೆ ಕೊಟ್ಟು ಹೋಗುವುದೆಂಬ ಪ್ರಶ್ನೆ ಯಾವ ನಿಯಮಾವಳಿಯಲ್ಲೂ ಇಲ್ಲ.

ಸಭೆಗೆ ಮುನ್ನ ನಾನು ಕ್ಲಾಸಿನ ಹುಡುಗಿಯರನ್ನೂ ಕೇಳಿದ್ದೆ: ಮನೆಯಲ್ಲೇ ಕೂತು ಪಾಠ ಕೇಳುವುದಾದರೆ ಆರಾಮಲ್ಲವೇ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮನ್ಯಾಗ ಕುಂತ್ರ ಓದಾಕ ಬಿಡ್ತಾರೇನ್ರಿ ಸರ? ರೊಟ್ಟಿ ಬಡಿ ಅಂತಾರ” ಎಂದಳು ಒಬ್ಬಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಆ ಗದ್ದಲದಲ್ಲಿ ಒಬ್ಬಳ ನೋಟ್ಸು ಇನ್ನೊಬ್ಬಳ ಬ್ಯಾಗಿಗೆ ಹೋಗುತ್ತದೆ, ಮಲ್ಲಿಗೆ ಮೊಳ ಎರಡು ಜಡೆಗೆ ಹಂಚಿಕೆಯಾಗುತ್ತದೆ, ಯಾರಿಗೋ ಬಂದ ವರನನ್ನು ಕಂಡಕ್ಟರನೂ ಸೇರಿ ತಿರಸ್ಕರಿಸುತ್ತಾನೆ. ಇದಕ್ಕೆಲ್ಲ ಎಷ್ಟು ಕ್ರೆಡಿಟ್ ಕೊಡಬಹುದೆಂದು ನಾನು ಸಭೆಯಲ್ಲಿ ಕೇಳಿದೆ. ಪ್ರಿನ್ಸಿಪಾಲರು ಅದನ್ನು ತಮಾಷೆಯೆಂದು ತಿಳಿದರು, ನಾನೂ ತಿದ್ದಲಿಲ್ಲ. ನಿವೃತ್ತಿಯ ಅಂಚಿನಲ್ಲಿ ಇರುವವನ ಗಂಭೀರ ಮಾತುಗಳನ್ನು ತಮಾಷೆ ಎಂದುಕೊಂಡರೇ ಎಲ್ಲರಿಗೂ ಅನುಕೂಲ.

ಖಾರ ಪೂರ್ತಿ ಮುಗಿದ ಮೇಲೆ ನಿರ್ಣಯವಾಯಿತು: ಸಾಧಕ-ಬಾಧಕ ಪರಿಶೀಲಿಸಲು ಉಪಸಮಿತಿ, ಅದರ ಮೊದಲ ಸಭೆ ಆನ್‌ಲೈನಿನಲ್ಲಿ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಹಿರೇಕೆರೂರಿನವರು ಮೆಲ್ಲಗೆ, “ಆನ್‌ಲೈನ್ ಸಭಿಗೆ ಟಿ.ಎ. ಸಿಗತೈತೇನ್ರಿ?” ಎಂದರು. ಸಿಗುವುದಿಲ್ಲ ಎಂದು ತಿಳಿದೊಡನೆ ಎದುರು ಬದುರು ಕೂತು ಚರ್ಚಿಸುವುದರ ಮಹತ್ವ ಎಲ್ಲರಿಗೂ ಒಮ್ಮೆಲೇ ಮನವರಿಕೆಯಾಯಿತು. ಫಿಜಿಕ್ಸ್ ಮೇಡಂ ಕೂಡ ಕೈಯೆತ್ತಿದರು. ಮುಂದಿನ ಸಭೆ ಸವಣೂರಿನಲ್ಲಿ, ಖುದ್ದು ಹಾಜರಿ ಕಡ್ಡಾಯ.

ನಡಾವಳಿಗೆ ಸಹಿ ಹಾಕಿಸಿಕೊಳ್ಳಲು ಬಂದ ಹುಡುಗ ಕೇಳಿದ: “ಸರ, ಅತಿಥಿಗಳಿಗೂ ಟಿ.ಎ. ಐತೇನ್ರಿ?”

“ಅದನ್ನ ಮುಂದಿನ ಸಭಿಯೊಳಗ ಇಡೂಣು” ಎಂದರು ಪ್ರಿನ್ಸಿಪಾಲರು. ಅವನು ಅದನ್ನೂ ಬರೆದುಕೊಂಡ.