ರೀಲಿನ ಊರಿನಲ್ಲಿ ರೀಲಿಲ್ಲದ ಕ್ಯಾಮೆರಾ

ನ್ಯೂಯಾರ್ಕ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಮುಗಿಲೆತ್ತರದ ಕಟ್ಟಡಗಳ ಮಹಾನಗರ. ಅದೇ ಹೆಸರಿನ ರಾಜ್ಯದಲ್ಲಿ, ಆ ಮಹಾನಗರದಿಂದ ವಾಯವ್ಯಕ್ಕೆ ಸುಮಾರು 530 ಕಿ.ಮೀ. ದೂರದಲ್ಲಿ, ಒಂಟಾರಿಯೋ ಸರೋವರದ ದಂಡೆಯ ಬಳಿ ರಾಚೆಸ್ಟರ್ ಎಂಬ ಊರಿದೆ. ಇಲ್ಲಿಂದ ನಯಾಗರಾ ಜಲಪಾತಕ್ಕೆ ಒಂದೂವರೆ ಗಂಟೆಯ ದಾರಿ. ಜಲಪಾತದ ಎದುರು ನಿಂತು ಫೋಟೋ ತೆಗೆದುಕೊಳ್ಳುವ ಸಾವಿರಾರು ಪ್ರವಾಸಿಗರಿಗೆ, ತಮ್ಮ ಕೈಯಲ್ಲಿರುವ ಕ್ಯಾಮೆರಾದ ಕಥೆ ಈ ಪಕ್ಕದ ಊರಿಗೆ ಸೇರಿದ್ದು ಎಂದು ಬಹುಶಃ ಹೊಳೆಯುವುದಿಲ್ಲ.

ರಾಚೆಸ್ಟರಿಗೂ ತನ್ನದೇ ಜಲಪಾತವಿದೆ. ಜೆನೆಸೀ ನದಿ ಊರ ನಡುವೆಯೇ ಸುಮಾರು 29 ಮೀಟರ್ ಕೆಳಕ್ಕೆ ಧುಮುಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೀರಿನ ಬಲದಿಂದ ಗೋಧಿ ಬೀಸುವ ಗಿರಣಿಗಳು ತಿರುಗಿ, ಊರಿಗೆ ‘ಹಿಟ್ಟಿನ ನಗರ’ ಎಂಬ ಹೆಸರು ಬಂತು. ಮುಂದೆ ಗಿರಣಿಗಳು ಕಡಿಮೆಯಾಗಿ ಹೂತೋಟಗಳು ಹೆಚ್ಚಿದಾಗ ಅದೇ ‘ಹೂವಿನ ನಗರ’ವಾಯಿತು. ಇಂಗ್ಲಿಷಿನಲ್ಲಿ ಹಿಟ್ಟಿಗೂ ಹೂವಿಗೂ ಉಚ್ಚಾರ ಒಂದೇ ಆದ್ದರಿಂದ ಊರಿನವರು ಹೊಸ ಹೆಸರು ಹುಡುಕುವ ಶ್ರಮ ತೆಗೆದುಕೊಳ್ಳಬೇಕಾಗಲಿಲ್ಲ! ಜಲಪಾತದ ಸಮೀಪದಲ್ಲೇ 19 ಅಂತಸ್ತಿನ ಹಳೆಯ ಗೋಪುರವೊಂದು ಎದ್ದು ಕಾಣುತ್ತದೆ. ಅದರ ನೆತ್ತಿಯ ಮೇಲೆ ಒಂದೇ ಪದ: ಕೊಡಾಕ್. ಒಂದು ಕಾಲಕ್ಕೆ ನಮ್ಮ ಊರುಗಳ ಸ್ಟುಡಿಯೋಗಳ ಗಾಜಿನ ಕಪಾಟಿನಲ್ಲಿ ಇರುತ್ತಿದ್ದ ಹಳದಿ ಡಬ್ಬಿಯ ತವರು ಇದು.

ಈ ಕಂಪೆನಿಯನ್ನು ಕಟ್ಟಿದ ಜಾರ್ಜ್ ಈಸ್ಟ್‌ಮನ್ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ ದೂರದ ಸ್ಯಾಂಟೊ ಡೊಮಿಂಗೊಗೆ ಪ್ರವಾಸ ಹೊರಡುವ ಯೋಚನೆ ಮಾಡಿ, ಚಿತ್ರ ತೆಗೆಯಲು ಸಲಕರಣೆ ಕೊಂಡ. ದೊಡ್ಡ ಕ್ಯಾಮೆರಾ, ಮುಕ್ಕಾಲಿ, ಗಾಜಿನ ಫಲಕಗಳು, ರಾಸಾಯನಿಕಗಳು, ಕತ್ತಲೆ ಮಾಡಿಕೊಳ್ಳಲು ಒಂದು ಡೇರೆ! ಪ್ರವಾಸ ನಡೆಯಲಿಲ್ಲ. ಆದರೆ ಈ ಹೊರೆಯನ್ನು ಇಳಿಸುವ ಹಟ ಹಿಡಿಯಿತು. ಹಗಲು ಬ್ಯಾಂಕು, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಪ್ರಯೋಗ. 1888ರಲ್ಲಿ ಹೊರಬಂದ ಮೊದಲ ಕೊಡಾಕ್ ಕ್ಯಾಮೆರಾದೊಳಗೆ ನೂರು ಚಿತ್ರಗಳಿಗಾಗುವಷ್ಟು ರೀಲು ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಕಳುಹಿಸಿದರೆ, ಚಿತ್ರಗಳನ್ನು ತೊಳೆದು, ಹೊಸ ರೀಲು ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ‘ಬ್ರೌನಿ’ಯ ಬೆಲೆ ಒಂದೇ ಡಾಲರ್. ಶಾಲೆಯ ಮಕ್ಕಳೂ ಛಾಯಾಗ್ರಾಹಕರಾದರು.

ಈಸ್ಟ್ ಅವೆನ್ಯೂ ರಸ್ತೆಯಲ್ಲಿ ಈಸ್ಟ್‌ಮನ್ ಕಟ್ಟಿಸಿದ ಬಂಗಲೆ 1949ರಿಂದ ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ. ಒಳಾಂಗಣದ ಗಿಡಗಳ ನಡುವೆ ಗೋಡೆಯಿಂದ ಆನೆಯ ತಲೆಯೊಂದು ಹೊರಚಾಚಿದೆ. ಅದು ಆತನ ಆಫ್ರಿಕಾ ಬೇಟೆಯನ್ನು ನೆನಪಿಸುವ ಪ್ರತಿಕೃತಿ. ಈ ಕೋಣೆಯ ಅಳತೆ ಸರಿಯಾಗಿಲ್ಲ ಎನ್ನಿಸಿ, 1919ರಲ್ಲಿ ಈಸ್ಟ್‌ಮನ್ ಮನೆಯನ್ನೇ ಎರಡು ಭಾಗವಾಗಿ ಸೀಳಿಸಿ, ಹಿಂಭಾಗವನ್ನು ಒಂಬತ್ತು ಅಡಿಗೂ ತುಸು ಹೆಚ್ಚು ಹಿಂದಕ್ಕೆ ಸರಿಸಿದ್ದ! ಚೆನ್ನಾಗಿರುವುದನ್ನೂ ಒಡೆದು ಇನ್ನಷ್ಟು ಚೆನ್ನಾಗಿಸಬೇಕು ಎಂಬ ಸ್ವಭಾವ ಆತನದು. ಈ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕಥೆ ಕೇಳಬೇಕು.

ಊರಿನ ಪಶ್ಚಿಮ ಅಂಚಿನಲ್ಲಿದ್ದ ಕಂಪೆನಿಯ ಎಲ್ಮ್‌ಗ್ರೋವ್ ಕಾರ್ಖಾನೆಯ ಹಿಂಬದಿಯ ಪ್ರಯೋಗಶಾಲೆಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಇದ್ದ. 1973ರಲ್ಲಿ ಕೆಲಸಕ್ಕೆ ಸೇರಿದವನು. ಅವನ ಮೇಲಧಿಕಾರಿ ಕೊಟ್ಟ ಕೆಲಸ ಸಣ್ಣದು: ಸಿ.ಸಿ.ಡಿ. ಎಂಬ ಹೊಸ ಬಿಲ್ಲೆಯಿಂದ ಏನಾದರೂ ಉಪಯೋಗವಿದೆಯೇ ನೋಡು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಇದನ್ನು ಕಂಡುಹಿಡಿದಿದ್ದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಸಿ.ಸಿ.ಡಿ. ಕೆಲಸ ಮಾಡುವ ಬಗೆಯನ್ನು ವಿದ್ಯಾರ್ಥಿಗಳು ಹೀಗೆ ಊಹಿಸಿಕೊಳ್ಳಬಹುದು. ಅಂಗಳದ ತುಂಬ ಸಾಲುಸಾಲಾಗಿ ಬಕೆಟ್ಟುಗಳನ್ನು ಇಟ್ಟಿದೆ. ಮಳೆ ಬಂತು. ಕೆಲವು ತುಂಬಿದವು, ಕೆಲವು ಅರ್ಧವಾದವು. ಪ್ರತಿ ಬಕೆಟ್ಟಿನ ನೀರನ್ನು ಪಕ್ಕದ ಬಕೆಟ್ಟಿಗೆ ಸುರಿಯುತ್ತ, ಸಾಲಿನ ಕೊನೆಗೆ ತಂದು ಅಳೆದು ಬರೆದುಕೊಂಡರೆ, ಎಲ್ಲಿ ಎಷ್ಟು ಮಳೆ ಬಿತ್ತೆಂಬ ಲೆಕ್ಕ ಸಿಗುತ್ತದೆ. ಮಳೆಯ ಬದಲು ಬೆಳಕು, ನೀರಿನ ಬದಲು ವಿದ್ಯುದಾವೇಶ ಎಂದುಕೊಂಡರೆ ಅದೇ ಸಿ.ಸಿ.ಡಿ. ಸ್ಯಾಸನ್ ಬಳಿ ಇದ್ದ ಬಿಲ್ಲೆಯಲ್ಲಿ ಉದ್ದಕ್ಕೆ ನೂರು, ಅಗಲಕ್ಕೆ ನೂರು, ಒಟ್ಟು 10,000 ಚುಕ್ಕಿಗಳು. ಇಂದು ಸಾಧಾರಣ ಮೊಬೈಲಿನ ಕ್ಯಾಮೆರಾದಲ್ಲೂ ಒಂದು ಕೋಟಿಗಿಂತ ಹೆಚ್ಚು ಚುಕ್ಕಿಗಳಿರುತ್ತವೆ.

1975ರ ಡಿಸೆಂಬರಿನಲ್ಲಿ ಯಂತ್ರ ಸಿದ್ಧವಾಯಿತು. ಸಿನಿಮಾ ಕ್ಯಾಮೆರಾದ ಬಿಡಿಭಾಗಗಳಿಂದ ಹೆಕ್ಕಿದ ಮಸೂರ, ಹದಿನಾರು ಬ್ಯಾಟರಿ ಸೆಲ್ಲುಗಳು, ಚಿತ್ರವನ್ನು ಉಳಿಸಿಕೊಳ್ಳಲು ಒಂದು ಕ್ಯಾಸೆಟ್. ತೂಕ ಮೂರೂವರೆ ಕಿಲೋಗೂ ಮೇಲೆ. ಆದರೂ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾಗಿತ್ತು. ಪ್ರಯೋಗಶಾಲೆಯ ಸಹಾಯಕಿಯೊಬ್ಬಳನ್ನು ಕೂರಿಸಿ ಚಿತ್ರ ತೆಗೆದರು. ಅದು ಕ್ಯಾಸೆಟ್ಟಿಗೆ ಸೇರಲು 23 ಸೆಕೆಂಡು ಬೇಕಾಯಿತು. ಟಿ.ವಿ. ಪರದೆಯ ಮೇಲೆ ಮೂಡಿದಾಗ ಕಪ್ಪು ಕೂದಲು ಕಂಡಿತು, ಬಿಳಿಯ ಹಿನ್ನೆಲೆ ಕಂಡಿತು. ಮುಖವಿರಬೇಕಾದ ಜಾಗದಲ್ಲಿ ಬರೀ ಕಲಸುಮೇಲೋಗರ. ಇನ್ನೂ ಕೆಲಸ ಬಾಕಿ ಇದೆ ಎಂದು ಹೇಳಿ ಆ ಸಹಾಯಕಿ ಹೊರಟುಹೋದಳು.

ತಪ್ಪು ಏನೆಂದರೆ ತಂತಿಗಳು ತಿರುವುಮುರುವಾಗಿದ್ದವು. ಪ್ರತಿ ಚುಕ್ಕಿಯ ಬೆಳಕನ್ನು ಸೊನ್ನೆ-ಒಂದುಗಳ ನಾಲ್ಕು ಅಂಕಿಗಳಲ್ಲಿ ಬರೆಯಲಾಗುತ್ತಿತ್ತು. 0000 ಎಂಬುದನ್ನು ಹಿಂದಿನಿಂದ ಓದಿದರೂ ಅದೇ, 1111 ಕೂಡ ಅದೇ. ಹಾಗಾಗಿ ಕಪ್ಪು, ಬಿಳುಪು ಸರಿಯಾಗಿಯೇ ಬಂದವು. ಆದರೆ 0001 ತಿರುಗಿದರೆ 1000, ಅಂದರೆ ಒಂದು ಎಂಟಾಗುತ್ತದೆ. ನಡುವಿನ ಬಣ್ಣದ ಮುಖ ಕೆಟ್ಟದ್ದು ಹೀಗೆ. ತಂತಿಗಳನ್ನು ಬದಲಿಸಿದೊಡನೆ ಮುಖ ಮೂಡಿತು.

1976ರಲ್ಲಿ ಸ್ಯಾಸನ್ ಇದನ್ನು ಕಂಪೆನಿಯ ಅಧಿಕಾರಿಗಳ ಕೊಠಡಿ ಕೊಠಡಿಗೆ ಒಯ್ದು ತೋರಿಸಿದ. ಹೊಸ ಕ್ಯಾಮೆರಾ ಕಂಡ ಅವರ ಮೊದಲ ಅನಿಸಿಕೆ ಮೆಚ್ಚುಗೆಯಾಗಿರಲಿಲ್ಲ. ಫೋಟೋವನ್ನು ಯಾರಾದರೂ ಟಿ.ವಿ.ಯಲ್ಲಿ ಏಕೆ ನೋಡಬೇಕು? ಆಲ್ಬಂ ಹೇಗಿರುತ್ತದೆ? ಇದು ಜನರ ಕೈಗೆ ಬರುವುದು ಯಾವಾಗ? ಹದಿನೈದು, ಇಪ್ಪತ್ತು ವರ್ಷ ಬೇಕು ಎಂದು ಆತ ಅಂದಾಜು ಹೇಳಿದ. 1978ರಲ್ಲಿ ಪೇಟೆಂಟ್ ಸಿಕ್ಕಿತು. ಅಂದಾಜೂ ಹುಸಿಯಾಗಲಿಲ್ಲ. 1995ರಲ್ಲಿ ಜಪಾನಿನ ಕ್ಯಾಸಿಯೋ ಕಂಪೆನಿ ಬೆನ್ನಿಗೆ ಪುಟ್ಟ ಪರದೆಯಿದ್ದ ಅಡಕವಾದ ಡಿಜಿಟಲ್ ಕ್ಯಾಮೆರಾ ತಂದಿತು. ಟಿ.ವಿ. ಕುಗ್ಗಿ ಕ್ಯಾಮೆರಾದೊಳಗೇ ಕುಳಿತಿತ್ತು! ಅದೇ ವರ್ಷ ಕೊಡಾಕ್ ಕೂಡ ತನ್ನ ಹೆಸರಿನಲ್ಲಿ ಜನಸಾಮಾನ್ಯರ ಡಿಜಿಟಲ್ ಕ್ಯಾಮೆರಾ ಮಾರಿತು.

ಕಂಪೆನಿಗೆ ಕಣ್ಣಿರಲಿಲ್ಲ ಎಂದು ಹೇಳುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಇಂದಿನ ಬಹುಪಾಲು ಡಿಜಿಟಲ್ ಕ್ಯಾಮೆರಾಗಳಿಗೆ ಬಣ್ಣ ಕೊಡುವ ಶೋಧಕವನ್ನು ರೂಪಿಸಿದ ಬ್ರೈಸ್ ಬೇಯರ್ ಅಲ್ಲಿಯ ವಿಜ್ಞಾನಿಯೇ. 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದೂ ಕೊಡಾಕೇ. ಆದರೆ ಲಾಭವಿದ್ದದ್ದು ಕ್ಯಾಮೆರಾದಲ್ಲಲ್ಲ, ಮತ್ತೆ ಮತ್ತೆ ಕೊಳ್ಳಬೇಕಾದ ರೀಲಿನಲ್ಲಿ. 1982ರಲ್ಲಿ ರಾಚೆಸ್ಟರ್ ಪ್ರದೇಶದಲ್ಲಿ 60,000ಕ್ಕೂ ಹೆಚ್ಚು ಮಂದಿಗೆ ಈ ಕಂಪೆನಿ ಅನ್ನ ಕೊಡುತ್ತಿತ್ತು. ವರ್ಷಕ್ಕೊಮ್ಮೆ ಬೋನಸ್ ಹಂಚುವ ದಿನಕ್ಕಾಗಿ ಊರಿನ ಅಂಗಡಿಗಳೆಲ್ಲ ಕಾಯುತ್ತಿದ್ದವು. ಅಷ್ಟು ಒಲೆಗಳನ್ನು ಉರಿಸುವ ರೀಲನ್ನು ತಾವೇ ಕೈಯಾರೆ ನಿಲ್ಲಿಸುವುದು ಯಾರಿಗೆ ಸುಲಭ? 2007ರಲ್ಲಿ ಕೊಡಾಕ್ ಪಾರ್ಕಿನ ಕೆಲವು ದೊಡ್ಡ ಕಟ್ಟಡಗಳನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು. 2012ರ ಜನವರಿಯಲ್ಲಿ ಕಂಪೆನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಬಹಳ ಚಿಕ್ಕದಾಗಿ ಹೊರಬಂತು.

ಇಂದು ಆ ಕೈಗಾರಿಕಾ ಪ್ರದೇಶದಲ್ಲಿ ಬೇರೆ ಬೇರೆ ಉದ್ಯಮಗಳಿವೆ. ಸಿನಿಮಾಕ್ಕೆ ಬೇಕಾದ ರೀಲು ಈಗಲೂ ಅಲ್ಲೇ ತಯಾರಾಗುತ್ತದೆ. ಈಸ್ಟ್‌ಮನ್‌ನ ಚಿತಾಭಸ್ಮವನ್ನು ಇಟ್ಟಿರುವ ಸ್ಮಾರಕವೂ ಅಲ್ಲೇ ಇದೆ. ಮನೆಯನ್ನೇ ಸೀಳಿ ಸರಿಪಡಿಸಿದ ಆ ಮನುಷ್ಯ ಇದ್ದಿದ್ದರೆ ಏನು ಮಾಡುತ್ತಿದ್ದನೋ ಎಂಬ ಪ್ರಶ್ನೆ ಅಲ್ಲಿ ನಿಂತವರಿಗೆ ಬಾರದಿರದು.

ಹೊಸ ಕ್ಯಾಮೆರಾವನ್ನು ನೋಡಿದ ಎಲ್ಲರ ಅಭಿಪ್ರಾಯಗಳಲ್ಲಿ ಅತ್ಯಂತ ಸರಿಯಾದದ್ದು ಆ ಸಹಾಯಕಿಯದು. ಅವಳು ಹೊಗಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಗ ಅಥವಾ ಮಗಳು ರಟ್ಟು, ತಂತಿ, ಸೆಲ್ಲು ಜೋಡಿಸಿ ಏನನ್ನೋ ಮಾಡಿ ತೋರಿಸಿದಾಗ, ಅದು ಉರಿಯದೆ ಹೋದಾಗ, ಇದರಿಂದ ಏನು ಪ್ರಯೋಜನ ಎಂದು ಕೇಳುವ ಮೊದಲು ತಂದೆ-ತಾಯಂದಿರು ಅವಳ ಮಾತನ್ನು ನೆನೆಯಬಹುದು. ಇನ್ನೂ ಕೆಲಸ ಬಾಕಿ ಇದೆ. ತಂತಿಗಳನ್ನು ಒಮ್ಮೆ ತಿರುಗಿಸಿ ನೋಡು ಎನ್ನಬಹುದು.